ಅಮಲ್ದಾರರ ಹಸಿವು

ನಮ್ಮೂರಲ್ಲಿ ಬಾಯಿಬಿಟ್ಟು ಓದಿದ ಅಕ್ಷರ ಕಾಗದದ ಮೇಲೆ ನಿಲ್ಲುವುದಿಲ್ಲ. ಎದ್ದು ಹಾರುತ್ತದೆ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಹುಳು ಮುತ್ತುತ್ತವಲ್ಲ, ಹಾಗೆ ಒಂದಷ್ಟು ಹೊತ್ತು ಬೆಳಕಿನ ಸುತ್ತ ತಿರುಗಿ, ಆಮೇಲೆ ಎಲ್ಲಿ ಬೇಕಾದರಲ್ಲಿ ಕೂರುತ್ತದೆ. ಗೋಡೆಯ ಮೇಲೆ ಕೂತರೆ ಸುಣ್ಣ ಹೊಡೆಸಬಹುದು. ಹಾಲಿನ ಪಾತ್ರೆಗೋ ಅಕ್ಕಿಯ ಡಬ್ಬಕ್ಕೋ ಮಲಗಿದ ಮಗುವಿನ ಹಣೆಗೋ ಬಂದು ಕೂತರೆ ಏನು ಮಾಡುವುದು? ಅದಕ್ಕೇ ಮನೆಗೊಂದು ಗೂಬೆ. ಬೇರೆ ಊರಿನವರು ಗೂಬೆ ಎಂದರೆ ಮುಖ ಸಿಂಡರಿಸಿ ಬಾಗಿಲು ಹಾಕಿಕೊಳ್ಳುತ್ತಾರಂತೆ. ನಮ್ಮಲ್ಲಿ ಹೊಸ ಮನೆಗೆ ಹಾಲುಕ್ಕಿಸುವ ಮೊದಲು ಗೂಬೆ ಕೂರಿಸಬೇಕು. ಹಾರುವ ಅಕ್ಷರವನ್ನು ಗಾಳಿಯಲ್ಲೇ ಹಿಡಿದು ನುಂಗುವುದರಲ್ಲಿ ಅದನ್ನು ಮೀರಿಸುವ ಪ್ರಾಣಿ ಇನ್ನೊಂದಿಲ್ಲ.

ಸುಮ್ಮನೆ ಕಣ್ಣಲ್ಲೇ ಓದಬಾರದೇ ಎಂದು ಹೊರಗಿನಿಂದ ಬಂದವರು ಕೇಳುವುದುಂಟು. ನಮಗೆ ಅದು ಒಗ್ಗಿಲ್ಲ. ಬಾಯಲ್ಲಿ ಹೇಳದೆ ಎಷ್ಟು ಹೊತ್ತು ನೋಡಿದರೂ ಪುಟದ ತುಂಬ ಇರುವೆ ಸಾಲು ಕಾಣುತ್ತದೆಯೇ ಹೊರತು ಮಾತು ಕಾಣುವುದಿಲ್ಲ. ಹೀಗಾಗಿ ನಮ್ಮೂರಲ್ಲಿ ಒಂದು ಪುಸ್ತಕವನ್ನು ಒಮ್ಮೆ ಮಾತ್ರ ಓದಲು ಸಾಧ್ಯ. ಓದಿ ಮುಗಿದ ಮೇಲೆ ಅದು ಬರೀ ಬಿಳಿ ಹಾಳೆ, ಅಂಗಡಿಯವರು ಬೆಲ್ಲ ಕಟ್ಟಲು ಕೊಂಡೊಯ್ಯುತ್ತಾರೆ. ಅದಕ್ಕೇ ಇಲ್ಲಿ ಯಾರೂ ಒಬ್ಬರೇ ಕೂತು ಓದುವುದಿಲ್ಲ. ಒಬ್ಬರು ಓದಬೇಕು, ಕಡೇಪಕ್ಷ ಇನ್ನೊಬ್ಬರು ಕೇಳಬೇಕು. ಪುಸ್ತಕಕ್ಕೆ ಜೊತೆಯಾದವರು ಅದು ಮುಗಿಯುವ ತನಕ ಜೊತೆ ಬಿಡಬಾರದು. ಅವರು ಗಂಡಸೋ ಹೆಂಗಸೋ, ಯಾವ ಬೀದಿಯವರೋ ಎಂದು ಯಾರೂ ಕೇಳುವುದಿಲ್ಲ. ಪುಸ್ತಕ ಮುಗಿಯಿತೋ, ಕೇಳಲು ಶುರುಮಾಡುತ್ತಾರೆ.

ನನ್ನದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಪಡಸಾಲೆ. ಯಜಮಾನರು ತೀರಿಕೊಂಡು ವರ್ಷಗಳೇ ಆದವು. ಒಳ್ಳೆಯ ಮನುಷ್ಯ, ಆದರೆ ಪಂಚಾಂಗ ಬಿಟ್ಟು ಇನ್ನೇನನ್ನೂ ಓದಿದವರಲ್ಲ. ನನಗೋ ಹುಚ್ಚು ಮೊದಲಿನಿಂದಲೂ ಒಂದೇ. ಎಲ್ಲೂ ಇಲ್ಲದ ರಾಜ್ಯಗಳ ಕಥೆ ಬೇಕು. ಹಾರುವ ಕುದುರೆ, ಮಾತಾಡುವ ಮರ, ಬೆಟ್ಟವನ್ನೇ ಮನೆ ಮಾಡಿಕೊಂಡ ರಾಕ್ಷಸ, ಇವುಗಳಿಲ್ಲದ ಪುಸ್ತಕ ಕೈಗೆ ಸಿಕ್ಕರೆ ಉಪ್ಪಿಲ್ಲದ ಸಾರು ಬಡಿಸಿದ ಹಾಗಾಗುತ್ತದೆ. ಹಗಲಿಡೀ ಬೆಲ್ಟಿನ ಸದ್ದಿನಲ್ಲಿ, ರಾಗಿ ಜೋಳದ ಧೂಳಿನಲ್ಲಿ ನಿಂತವಳಿಗೆ ಸಂಜೆಯಾದರೂ ಬೇರೊಂದು ಲೋಕ ಬೇಡವೇ?

ನಮ್ಮ ಗೂಬೆಯ ಹೆಸರು ಅಮಲ್ದಾರರು. ಪಡಸಾಲೆಯ ತೊಲೆಯ ಮೇಲೆ ಎದೆಯುಬ್ಬಿಸಿ ಕೂತು, ಬಂದವರನ್ನೆಲ್ಲ ಕಂದಾಯದ ಜಮಾಬಂದಿಗೆ ಹಾಜರಾದವರಂತೆ ಮೇಲಿಂದ ಕೆಳಗೆ ನೋಡುವುದರಿಂದ ಆ ಹೆಸರು. ಮರಿಯಾಗಿದ್ದಾಗ ಗಿರಣಿಯ ಮಾಡಿನಿಂದ ಬಿದ್ದು ಸಿಕ್ಕಿತ್ತು. ಆಗ ನಾನು ಓದುತ್ತಿದ್ದದ್ದು ಪಾತಾಳದ ಏಳು ರಾಜಕುಮಾರಿಯರ ಕಥೆ. ಅದರ ಮೊದಲ ತುತ್ತೇ ಅದಾಯಿತು. ಅಲ್ಲಿಂದ ಮುಂದೆ ಬೇರೆ ಅಕ್ಷರ ಅದಕ್ಕೆ ರುಚಿಸಲೇ ಇಲ್ಲ. ಊರಿನ ಉಳಿದ ಗೂಬೆಗಳು ವರ್ತಮಾನ ಪತ್ರಿಕೆ, ಲಗ್ನಪತ್ರಿಕೆ, ಔಷಧಿ ಚೀಟಿ ಏನು ಹಾರಿದರೂ ನುಂಗಿ ತೆಪ್ಪಗಿರುತ್ತವೆ. ಅಮಲ್ದಾರರದು ಹಾಗಲ್ಲ. ಬಹಳ ವರ್ಷ ನಾನೂ ಅಮಲ್ದಾರರೂ ಇಬ್ಬರೇ ಬಾಗಿಲು ಮುಂದೆ ಮಾಡಿಕೊಂಡು ಓದುತ್ತಿದ್ದೆವು. ಪಕ್ಕದ ಮನೆಯ ಸಾಕಮ್ಮ ಅದನ್ನು ಕಂಡು, "ಬಾಗಿಲು ಹಾಕ್ಕೊಂಡು ಹೋಳಿಗೆ ತಿಂದಂಗಾಯ್ತು ಕಣೇ ನಿಂದು," ಎಂದು ಹಂಗಿಸುತ್ತಿದ್ದಳು. ಅವಳನ್ನು ಕೂರಿಸಿಕೊಂಡು ಓದಿಯೂ ನೋಡಿದೆ. ರಾಕ್ಷಸ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಇಂಥ ಪುಸ್ತಕಗಳು ನಮ್ಮೂರಿಗೆ ಉಪ್ಪಿನ ಹಾಗೆ ಹೊರಗಿನಿಂದಲೇ ಬರಬೇಕು. ಗಾಡಿಯವನೊಬ್ಬ ಸುಗ್ಗಿ ಮುಗಿದ ಮೇಲೆ ತರುತ್ತಿದ್ದ. ಹೋದ ಸಲ ಬಂದಾಗ ಗಾಡಿಯ ತುಂಬ ಪಂಚಾಂಗ, ಪರೀಕ್ಷೆಯ ಗೈಡು, ಅಡುಗೆ ಪುಸ್ತಕ. ಮೂಲೆಯಲ್ಲಿ ಒಂದೇ ಒಂದು ದಪ್ಪ ಪುಸ್ತಕ, ರಟ್ಟಿನ ಮೇಲೆ ಬೆಳ್ಳನೆಯ ಮಂಜು, ಮಂಜಿನ ಮೇಲೆ ದೋಣಿ. ನಾನು ಕೈ ಹಾಕಿದೆ. ಅದೇ ಹೊತ್ತಿಗೆ ಇನ್ನೊಂದು ಕೈಯೂ ಬಂತು, ಉಗುರಿನ ತುಂಬ ನೀಲಿ ಬಣ್ಣ. ಬೋರ್ಡು ಬರೆಯುವ ಮಾರ್ತಾಂಡಪ್ಪನವರದು.

ಮಾರ್ತಾಂಡಪ್ಪನವರನ್ನು ಊರಲ್ಲಿ ನೋಡದವರಿಲ್ಲ. ಓದಲು ಕಲಿಯುವ ಮಕ್ಕಳು ದಾರಿಯುದ್ದಕ್ಕೂ ಅಂಗಡಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದಿ ಖಾಲಿ ಮಾಡುತ್ತಾ ಶಾಲೆಗೆ ಹೋಗುತ್ತಾರೆ, ಇವರು ಏಣಿ ಹೊತ್ತುಕೊಂಡು ಹಿಂದೆಯೇ ಬರೆಯುತ್ತಾ ಬರುತ್ತಾರೆ. ಮಕ್ಕಳ ಮೇಲೆ ಒಂದು ದಿನ ರೇಗಿದವರಲ್ಲ. ಮದುವೆಯಾಗಲಿಲ್ಲ ಏಕೆಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆದರೆ ಎಲ್ಲೂ ಇಲ್ಲದ ರಾಜ್ಯಗಳ ಹುಚ್ಚು ಅವರಿಗೂ ಇದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

"ನೀವೇ ತಗೊಳ್ಳಿ ವಾರಿಜಮ್ಮ," ಎಂದರು, ಕೈ ಮಾತ್ರ ತೆಗೆಯಲಿಲ್ಲ.

"ನೀವು ಓದ್ತೀರಾ? ನಾನು ಕೇಳ್ತೀನಿ. ನಮ್ಮನೇಲಿ ಗೂಬೆ ಇದೆ," ಎಂದೆ. ಅವರಿದ್ದದ್ದು ಒಂದೇ ಕೋಣೆಯಲ್ಲಿ. ಬಣ್ಣದ ವಾಸನೆಗೆ ಗೂಬೆ ಬಾಳುವುದಿಲ್ಲ.

ಗಾಡಿಯವನು ಹಗ್ಗ ಬಿಗಿಯುತ್ತಾ, "ಇಂಥವು ಇನ್ಮೇಲೆ ಸಿಗಲ್ಲ ಕಣಮ್ಮ. ನಾನೂ ಈ ಕಡೆ ಬರೋದು ಅನುಮಾನ," ಎಂದ. ನಾವಿಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟು ದಪ್ಪ ಪುಸ್ತಕ ಕೈಯಲ್ಲಿರುವಾಗ ಯಾರು ಹಾಕಿಕೊಳ್ಳುತ್ತಾರೆ?

ಹೀಗೆ ಶುರುವಾಯಿತು. ಇಳಿಹೊತ್ತಿಗೆ ಗಿರಣಿಯ ಬೆಲ್ಟು ಬಿಚ್ಚಿ, ಮುಖದ ಹಿಟ್ಟು ತೊಳೆದು, ಪಡಸಾಲೆಯಲ್ಲಿ ಚಾಪೆ ಹಾಸುವಷ್ಟರಲ್ಲಿ ಅವರು ಕೈಕಾಲು ತೊಳೆದುಕೊಂಡು ಬಂದಿರುತ್ತಿದ್ದರು. ಬೀದಿ ಬಾಗಿಲು ಪೂರಾ ತೆರೆದಿರುತ್ತಿತ್ತು. ಹೋಗಿಬರುವವರು ಇಣುಕಿ, ಓದು ನಡೆದಿದೆ ಎಂದು ಮೆಲ್ಲಗೆ ಮುಂದೆ ಹೋಗುತ್ತಿದ್ದರು. ಕಥೆ ಹಂಸಿನಿ ಎಂಬ ದೋಣಿ ಹುಡುಗಿಯದು. ಅವಳ ನಾಡಿನಲ್ಲಿ ನೀರಿಲ್ಲ, ಮಂಜೇ ಹೊಳೆಯಾಗಿ ಹರಿಯುತ್ತದೆ. ಮಂಜಿನ ಆಚೆ ಒಂದು ಕೋಟೆ. ಊರಿನವರ ಕನಸುಗಳನ್ನೆಲ್ಲ ಕದ್ದೊಯ್ದ ದೊರೆ ಅಲ್ಲಿದ್ದಾನೆ. ಅವನ್ನು ಬಿಡಿಸಿ ತರಲು ಹಂಸಿನಿ ಒಬ್ಬಳೇ ಹೊರಟಿದ್ದಾಳೆ. ಕೋಟೆಯ ಮೆಟ್ಟಿಲ ಮೇಲೆ ಕಾಲಿಟ್ಟವರಿಗೆ ಬಂದ ದಾರಿ ಮರೆತುಹೋಗುತ್ತದೆ.

ಮಾರ್ತಾಂಡಪ್ಪನವರು ಓದುತ್ತಿದ್ದ ರೀತಿಯನ್ನು ಹೇಗೆ ಹೇಳಲಿ? ಏಣಿಯ ಮೇಲೆ ನಿಂತು ಒಂದೊಂದೇ ಅಕ್ಷರವನ್ನು ತಿದ್ದಿದ ಮನುಷ್ಯ, ಓದುವಾಗಲೂ ಒಂದೊಂದನ್ನೇ ಕೈಹಿಡಿದು ಎಬ್ಬಿಸಿದ ಹಾಗೆ. ಪುಟದಿಂದ ಅವು ಏಳುವುದು ಕಾಣುತ್ತಿತ್ತು. ಸೊನ್ನೆಗಳು ಸಾಸಿವೆಯ ಹಾಗೆ ಉರುಳಿ ಆಮೇಲೆ ಹಾರುತ್ತಿದ್ದವು. ಒತ್ತಕ್ಷರ ಹೊತ್ತವು ಬಸುರಿಯರಂತೆ ನಿಧಾನವಾಗಿ ಏಳುತ್ತಿದ್ದವು. ಮಂಜು ಎಂಬ ಮಾತು ಬಂದಾಗಲೆಲ್ಲ ಪಡಸಾಲೆ ತಣ್ಣಗಾಗುತ್ತಿತ್ತೋ ಅಥವಾ ನನಗೆ ಹಾಗನ್ನಿಸುತ್ತಿತ್ತೋ. ಗಿರಣಿಯಿಂದ ತೇಲಿ ಬಂದ ಹಿಟ್ಟಿನ ಧೂಳು ದೀಪದ ಬೆಳಕಿನಲ್ಲಿ ನಿಂತೇ ಇರುತ್ತಿತ್ತು, ಅದರೊಳಗೆ ಅಕ್ಷರಗಳು ಈಜುತ್ತಿದ್ದವು, ಅಮಲ್ದಾರರು ತೊಲೆಯಿಂದ ಸದ್ದಿಲ್ಲದೆ ಇಳಿದು ಒಂದೊಂದನ್ನೇ ಹೆಕ್ಕಿಕೊಂಡು ಮತ್ತೆ ಮೇಲೇರುತ್ತಿದ್ದರು. ಅವರ ರೆಕ್ಕೆಯ ಗಾಳಿ ನನ್ನ ಕೆನ್ನೆಗೆ ತಾಗುತ್ತಿತ್ತು. ಕಣ್ಣು ಮುಚ್ಚಿದರೆ ನಾನೂ ಮಂಜಿನ ಮೇಲಿರುತ್ತಿದ್ದೆ. ಓದು ನಿಲ್ಲಿಸಿ ನಾವು ಹಂಸಿನಿಯ ಬಗ್ಗೆ ನಮ್ಮ ಮನೆಯ ಹುಡುಗಿಯೇನೋ ಎನ್ನುವ ಹಾಗೆ ಮಾತಾಡುತ್ತಿದ್ದೆವು. ಆ ದೊರೆಯನ್ನು ನಂಬಬಾರದಿತ್ತು ಎಂದು ನಾನು, ನಂಬದೆ ಇನ್ನೇನು ಮಾಡುತ್ತಿದ್ದಳು ಎಂದು ಅವರು. ಅಷ್ಟು ವರ್ಷ ನನ್ನೊಳಗೇ ಇಟ್ಟುಕೊಂಡಿದ್ದ ರಾಜ್ಯಗಳಿಗೆ ಇನ್ನೊಬ್ಬರು ಹೀಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತದ್ದು ಅದೇ ಮೊದಲು. ನನಗೆ ತುಂಬ ಸುಖವಾಗಿತ್ತು. ಅದನ್ನು ಮುಚ್ಚಿಡುವುದೇಕೆ?

ಪುಸ್ತಕದ ಬಲಗಡೆ ತೆಳ್ಳಗಾಗುತ್ತಾ ಬಂತು. ನಾನು ಅದನ್ನು ಗಮನಿಸಿದ್ದು ಒಂದು ಸಂಜೆ ಅವರು ಹಾಳೆ ತಿರುವಿದಾಗ. ಎಡಗಡೆ ಬೆಳ್ಳನೆಯ ದಪ್ಪ ಕಂತೆ, ಬಲಗಡೆ ಬೆರಳಿನಷ್ಟು ಮಾತ್ರ. ಇದು ಮುಗಿದರೆ ಇವರು ಇಲ್ಲಿಗೆ ಏಕೆ ಬರುತ್ತಾರೆ? ಕಾಳು ಬೀಸಿಸಲು ಬರುತ್ತಾರೆ, ಒಬ್ಬರ ಅಡುಗೆಗೆ ಎಷ್ಟು ಹಿಟ್ಟು ಬೇಕು? ಪುಸ್ತಕವಿಲ್ಲದೆ ಒಬ್ಬ ಗಂಡಸು ದಿನವೂ ಒಂಟಿ ಹೆಂಗಸಿನ ಪಡಸಾಲೆಯಲ್ಲಿ ಕೂತರೆ ಊರು ಸುಮ್ಮನಿರುತ್ತದೆಯೇ? ಊರಿನ ಮಾತಿರಲಿ, ಅವರನ್ನು ಬನ್ನಿ ಎಂದು ಕರೆಯಲು ನನಗೇ ಬಾಯಿ ಬರಬೇಕಲ್ಲ.

ಅವತ್ತಿನಿಂದ ನಾನು ಪ್ರಶ್ನೆ ಕೇಳತೊಡಗಿದೆ. ಹಂಸಿನಿಯ ದೋಣಿಗೆ ಯಾವ ಮರ ಬಳಸಿರಬಹುದು? ಮಂಜಿನಲ್ಲಿ ಹುಟ್ಟು ಹಾಕಿದರೆ ಸದ್ದು ಬರುತ್ತದೆಯೇ? ಆ ದೊರೆಗೆ ತಾಯಿ ಇರಲಿಲ್ಲವೇ? ಒಂದೊಂದು ಪ್ರಶ್ನೆಗೂ ಸಂಜೆಯ ಒಂದು ತುಂಡು ಕಳೆಯುತ್ತಿತ್ತು. ಮಾರ್ತಾಂಡಪ್ಪನವರೂ ಬೇಸರಿಸಲಿಲ್ಲ. ಮರ ಯಾವುದೆಂದು ತೀರ್ಮಾನಿಸಲು ಅವರಿಗೆ ಹೊನ್ನೆಯಿಂದ ಹಿಡಿದು ಹಲಸಿನವರೆಗೆ ಎಲ್ಲ ಮರಗಳ ಗುಣ ಹೇಳಬೇಕಾಗುತ್ತಿತ್ತು. ಓದುವ ನಡುವೆ ಅವರಿಗೆ ಕೆಮ್ಮು ಬರತೊಡಗಿತು. ನೀರು ಕುಡಿದರೆ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿರುತ್ತಿದ್ದರು. ಮೊದಲು ಒಂದು ಸಂಜೆಗೆ ಒಂದು ಅಧ್ಯಾಯ ಓದುತ್ತಿದ್ದವರು ನಾಲ್ಕು ಪುಟಕ್ಕೆ ಇಳಿದೆವು, ಆಮೇಲೆ ಎರಡಕ್ಕೆ, ಆಮೇಲೆ ಅರ್ಧ ಪುಟಕ್ಕೆ. ಒಂದು ಸಂಜೆಯಂತೂ ಒಂದೇ ವಾಕ್ಯ ಓದಿ ಅವರು, "ಇವತ್ತಿಗೆ ಕಣ್ಣು ಯಾಕೋ ಉರೀತಿದೆ," ಎಂದರು. ನಾನು, "ಪರವಾಗಿಲ್ಲ ಬಿಡಿ, ಅವಸರ ಏನಿದೆ," ಎಂದೆ. ಅವರ ಕಣ್ಣು ತಿಳಿಯಾಗೇ ಇತ್ತು.

ಈ ಸಂಭ್ರಮದಲ್ಲಿ ನಾವಿಬ್ಬರೂ ತೊಲೆಯ ಕಡೆ ತಲೆಯೆತ್ತಿ ನೋಡಿರಲಿಲ್ಲ. ನೋಡಿದ್ದು ಸಾಕಮ್ಮ. ಗೋಧಿ ಬೀಸಿಸಲು ಬಂದವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನೇ ವಾರಿಜ, ಅಮಲ್ದಾರರಿಗೆ ಉಪವಾಸ ಹಾಕಿದೀಯಾ? ಎದೆಮೂಳೆ ಲೆಕ್ಕ ಹಾಕ್ಬೋದು," ಎಂದಳು. ನಾನು ತಲೆಯೆತ್ತಿದೆ. ಎದೆಯುಬ್ಬಿಸಿ ಕೂರುತ್ತಿದ್ದ ಹಕ್ಕಿ ಮುದುರಿ ಗೋಡೆಗೊರಗಿತ್ತು. ಗರಿಗಳು ಇನ್ನೊಬ್ಬರ ಅಂಗಿ ತೊಟ್ಟ ಹಾಗೆ ಸಡಿಲವಾಗಿದ್ದವು. ನನ್ನನ್ನು ನೋಡಿತು, ಕಣ್ಣಲ್ಲಿ ದರ್ಪವಿರಲಿಲ್ಲ. ಮನೆಯಲ್ಲಿ ನನ್ನ ಬಿಟ್ಟು ಉಸಿರಾಡುವ ಜೀವ ಅದೊಂದೇ.

ಹೊಟ್ಟೆಗೆ ಹಾಕಬೇಕು, ಪುಸ್ತಕವೂ ಉಳಿಯಬೇಕು. ಅದಕ್ಕೆ ನಾನು ಕಂಡುಕೊಂಡ ಉಪಾಯ ಕೇಳಿದರೆ ನಗುತ್ತೀರಿ. ಮರುದಿನ ಬೆಳಿಗ್ಗೆ ಅದರ ಮುಂದೆ ಕೂತು ವರ್ತಮಾನ ಪತ್ರಿಕೆ ಓದಿದೆ. ಹಾರಿದ ಅಕ್ಷರಗಳನ್ನು ಅಮಲ್ದಾರರು ಒಂದೆರಡು ನುಂಗಿ ಥೂ ಎಂದು ಉಗುಳಿದರು. ಕೆಮ್ಮಿನ ಔಷಧಿಯ ಬಾಟಲಿ ಓದಿದೆ, ತಲೆ ತಿರುಗಿಸಿದರು. ಗೋಡೆಯ ಕ್ಯಾಲೆಂಡರು ತೆಗೆದು ವರ್ಷದ ಹಬ್ಬ, ಅಮಾವಾಸ್ಯೆ, ರಾಹುಕಾಲ ಎಲ್ಲವನ್ನೂ ರಾಗವಾಗಿ ಓದಿದೆ, ರಾಗಕ್ಕಾದರೂ ಮರುಳಾಗಲಿ ಎಂದು. ಕಣ್ಣು ಮುಚ್ಚಿಕೊಂಡರು. ಯಾರೂ ತಿನ್ನದ ಆ ಅಕ್ಷರಗಳೆಲ್ಲ ಎಲ್ಲಿ ಹೋದವೆಂದು ನೋಡುವಷ್ಟು ಬುದ್ಧಿ ನನಗಿರಲಿಲ್ಲ. ಮಾರ್ತಾಂಡಪ್ಪನವರು ಬೇರೆ ಅದೇ ದಿನ ದೊಡ್ಡ ಹಲಗೆಯೊಂದರ ಮೇಲೆ ಚಂದವಾಗಿ 'ರಾಕ್ಷಸ' ಎಂದು ಬರೆದು ತಂದರು. ಒಂದು ಮಾತಾದರೂ ತಿನ್ನಲಿ ಎಂದು ಅವರ ಆಸೆ. ಓದಿದರು. ಎಣ್ಣೆ ಬಣ್ಣದ ರಾಕ್ಷಸ ಭಾರಕ್ಕೆ ಏಳಲಾರದೆ ಎದ್ದು, ಅಮಲ್ದಾರರ ಮೂಗಿನ ಮುಂದೆ ಹಾದು, ಕಿಟಕಿಯಿಂದ ಬೀದಿಗೆ ಹೋದ. ಕಥೆಯಿಲ್ಲದ ಬರೀ ರಾಕ್ಷಸ ಅದಕ್ಕೆ ಬೇಡ.

ಮರುದಿನ ಬೆಳಿಗ್ಗೆ ಸಾಕಮ್ಮ ಒಂದು ಚಪಾತಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ಬಂದಳು. ಅವಳ ಗೋಧಿ ಹಿಟ್ಟಿನ ಮೇಲೆ ಕ್ಯಾಲೆಂಡರು ಹೋಗಿ ಕೂತಿತ್ತು. ಚಪಾತಿಯ ನಡುಮಧ್ಯೆ ಕಪ್ಪಗೆ, ಶುದ್ಧವಾಗಿ, ಮಂಗಳವಾರದ ರಾಹುಕಾಲ.

"ನಮ್ಮ ಮನೆಯೋರು ತಟ್ಟೆ ಮುಂದೆ ಕೂತು ಊಟ ಮಾಡೋದೋ ಬೇಡವೋ ಅಂತ ಯೋಚನೆ ಮಾಡ್ತಿದಾರೆ," ಎಂದಳು. "ಗಿರಣಿ ಹಿಟ್ಟಲ್ಲಿ ಕಲ್ಲು ಬರೋದು ನೋಡಿದೀನಿ. ರಾಹುಕಾಲ ಬರೋದು ನೋಡಿರ್ಲಿಲ್ಲ."

"ತಪ್ಪಾಯ್ತು ಸಾಕಕ್ಕ. ಬೇರೆ ಬೀಸಿ ಕೊಡ್ತೀನಿ."

"ಹಿಟ್ಟಿರಲಿ. ಆ ಹಕ್ಕಿಗೆ ಏನಾಗಿದೆ ಹೇಳು. ಮನೇಲಿ ಅಷ್ಟು ದಪ್ಪ ಪುಸ್ತಕ ಇಟ್ಕೊಂಡು ಕ್ಯಾಲೆಂಡರ್ ತಿನ್ನಿಸ್ತಿದೀಯಲ್ಲ, ನಿಂಗೇನಾಗಿದೆ ಅದನ್ನಾದ್ರೂ ಹೇಳು."

ಸಾಕಮ್ಮ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಪಾತಿಯನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು, ತಾನೇ ಹೋಗಿ ಹಕ್ಕಿ ವೈದ್ಯ ಬಷೀರ್ ಸಾಹೇಬರನ್ನು ಕರೆತಂದಳು. ಬಾಯಿ ಎಷ್ಟೇ ಚೂಪಾದರೂ ಸಾಕಮ್ಮ ಅಂಥವಳು.

ಸಾಹೇಬರು ಬರುವಷ್ಟರಲ್ಲಿ ಸುದ್ದಿ ಕೇಳಿ ಮಾರ್ತಾಂಡಪ್ಪನವರೂ ಏಣಿಯನ್ನು ಯಾವುದೋ ಅಂಗಡಿಯ ಮುಂದೆ ಬಿಟ್ಟು ಓಡಿಬಂದಿದ್ದರು. ಸಾಹೇಬರು ಅಮಲ್ದಾರರನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಎದೆ ಒತ್ತಿ ನೋಡಿದರು, ಕೊಕ್ಕು ಬಿಡಿಸಿ ನೋಡಿದರು. ಹಕ್ಕಿ ಒಂದಿಷ್ಟೂ ಪ್ರತಿಭಟಿಸಲಿಲ್ಲ. ಅದನ್ನು ನೋಡಿಯೇ ನನಗೆ ಅಳು ಬಂತು.

"ರೋಗ ಏನಿಲ್ಲ," ಎಂದರು ಸಾಹೇಬರು. "ಹಸಿವು. ಇದಕ್ಕೆ ಏನು ಹಾಕ್ತಾ ಇದ್ರಿ?"

"ಮಂಜಿನ ನಾಡಿನ ಕಥೆ," ಎಂದೆ.

"ದಿನಕ್ಕೆ ಎಷ್ಟು?"

ನಾನು ಮಾರ್ತಾಂಡಪ್ಪನವರ ಮುಖ ನೋಡಿದೆ. ಅವರು ತಮ್ಮ ಉಗುರಿನ ಬಣ್ಣ ನೋಡಿಕೊಂಡರು. "ಅರ್ಧ ಪುಟ," ಎಂದರು, ಕೇಳಿಸಿಯೂ ಕೇಳಿಸದ ಹಾಗೆ.

"ಅರ್ಧ ಪುಟದಲ್ಲಿ ಗುಬ್ಬಚ್ಚಿ ಹೊಟ್ಟೇನೂ ತುಂಬಲ್ಲ ಮಾರ್ತಾಂಡಪ್ಪೋರೆ. ಕಥೆ ಮುಗಿದುಹೋಗಿದೆಯಾ?"

"ಇಲ್ಲ. ಇದೆ," ಎಂದೆವು ಇಬ್ಬರೂ ಒಟ್ಟಿಗೆ.

"ಇದೆಯಾ? ಮತ್ತೆ?"

ಬಾಗಿಲಲ್ಲಿ ನಿಂತಿದ್ದ ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಷೀರ್ ಸಾಹೇಬರಿಗೆ ವಯಸ್ಸಾಗಿದೆ, ಹಕ್ಕಿಗಳನ್ನೂ ಮನುಷ್ಯರನ್ನೂ ಬಹಳ ನೋಡಿದವರು. ನನ್ನನ್ನೊಮ್ಮೆ, ಅವರನ್ನೊಮ್ಮೆ, ಮಧ್ಯದಲ್ಲಿದ್ದ ಪುಸ್ತಕವನ್ನೊಮ್ಮೆ ನೋಡಿ ಗಡ್ಡ ನೀವಿಕೊಂಡರು. ಗದರಲಿಲ್ಲ. ಹಕ್ಕಿಯನ್ನು ನನ್ನ ಮಡಿಲಿಗೆ ಹಾಕಿ, "ನೋಡಮ್ಮ, ಇವತ್ತು ಇದಕ್ಕೆ ಹೊಟ್ಟೆ ತುಂಬ ಆಗಬೇಕು. ಉಳಿದಿರೋದಷ್ಟೂ ಓದಿ. ಇಲ್ಲಾಂದ್ರೆ ನಾಳೆ ನನ್ನ ಕರೀಬೇಡಿ," ಎಂದು ಹೊರಟುಹೋದರು. ಸಾಕಮ್ಮನೂ ಅವರ ಹಿಂದೆಯೇ ಹೋದಳು. ಹೋಗುವಾಗ, ತೆರೆದೇ ಇರಬೇಕಾದ ಬೀದಿ ಬಾಗಿಲನ್ನು ಅರ್ಧ ಮುಂದೆ ಮಾಡಿದಳು.

ಮಧ್ಯಾಹ್ನವಿನ್ನೂ ಇಳಿದಿರಲಿಲ್ಲ. ಬೀಸಲು ತಂದ ಡಬ್ಬಗಳು ಗಿರಣಿಯಲ್ಲಿ ಸಾಲಾಗಿ ಕೂತಿದ್ದವು. ನಾನು ಚಾಪೆ ಹಾಸಿದೆ. ಮಾರ್ತಾಂಡಪ್ಪನವರು ಪುಸ್ತಕ ಬಿಡಿಸಿ ಒಮ್ಮೆ ನನ್ನನ್ನು ನೋಡಿದರು. "ಶುರು ಮಾಡ್ಲಾ?" ಎಂದರು. ನಾನು ತಲೆಯಾಡಿಸಿದೆ. ಇನ್ನೇನು ಮಾಡಲಿ? ಮಡಿಲಲ್ಲಿ ಹಕ್ಕಿಯ ಎದೆ ನನ್ನ ಅಂಗೈಗೆ ಬಡಿದುಕೊಳ್ಳುತ್ತಿತ್ತು, ಬಹಳ ಬೇಗಬೇಗ, ಬಹಳ ಮೆತ್ತಗೆ.

ಮೊದಲ ಸಾಲಿನ ಅಕ್ಷರಗಳು ಎದ್ದಾಗ ಅದು ಕಣ್ಣು ಬಿಟ್ಟಿತು. ಹಾರಲಿಲ್ಲ. ನಾನು ಕೈಯಾಡಿಸಿ ಒಂದಿಷ್ಟನ್ನು ಕೊಕ್ಕಿನ ಹತ್ತಿರ ತಂದೆ. ನುಂಗಿತು. ಮತ್ತೆ ನುಂಗಿತು. ಎರಡನೆಯ ಪುಟಕ್ಕೆ ತಾನೇ ಕೊಕ್ಕು ಚಾಚಿತು, ಐದನೆಯದೋ ಆರನೆಯದೋ ಪುಟಕ್ಕೆ ನನ್ನ ಮಡಿಲಿಂದ ಎದ್ದು ಪುಸ್ತಕದ ಅಂಚಿನ ಮೇಲೆಯೇ ಹೋಗಿ ಕೂತಿತು, ಅಕ್ಷರ ಏಳುವ ಮೊದಲೇ ಕಾದು ಕೂತವರ ಹಾಗೆ. ಮಾರ್ತಾಂಡಪ್ಪನವರು ನಿಲ್ಲಿಸದೆ ಓದುತ್ತಿದ್ದರು. ಕೆಮ್ಮಲಿಲ್ಲ, ನೀರು ಕೇಳಲಿಲ್ಲ. ಅವರ ದನಿ ಅಷ್ಟು ಚೆನ್ನಾಗಿ ಎಂದೂ ಕೇಳಿರಲಿಲ್ಲ ನಾನು. ಪಡಸಾಲೆಯ ತುಂಬ ಬೆಳ್ಳಗೆ ಕವಿಯಿತು, ಹಿಟ್ಟೋ ಮಂಜೋ ಹೇಳಲಾರೆ. ಗೋಡೆಗಳು ಹಿಂದಕ್ಕೆ ಸರಿದವು. ಚಾಪೆ ಮೆಲ್ಲಗೆ ತೂಗಿದ ಹಾಗಾಯಿತು. ಹಂಸಿನಿ ಕೋಟೆಯ ಹತ್ತಿರ ಬಂದಿದ್ದಳು, ದೋಣಿಯಲ್ಲಿ ಎದ್ದು ನಿಂತಿದ್ದಳು, ಮೆಟ್ಟಿಲು ಕಾಣುತ್ತಿತ್ತು, ಅಲ್ಲಿಯವರೆಗೆ ನನಗೆ ಗೊತ್ತು.

ಅಲ್ಲಿಂದ ಮುಂದೆ ನಾನು ಅವರ ಮುಖ ನೋಡುತ್ತಾ ಕೂತೆ. ಹುಬ್ಬಿನಲ್ಲಿ ಒಂದು ಹನಿ ಹಸಿರು ಬಣ್ಣ ಒಣಗಿ ಕೂತಿತ್ತು, ಅದನ್ನು ನೋಡಿದೆ. ಹಾಳೆ ತಿರುವುವ ಮೊದಲು ಹೆಬ್ಬೆರಳನ್ನು ಒಮ್ಮೆ ಅಂಗಿಗೆ ಒರೆಸಿಕೊಳ್ಳುವುದನ್ನು ನೋಡಿದೆ, ಪುಸ್ತಕಕ್ಕೆ ಬಣ್ಣ ಹತ್ತಬಾರದೆಂದು, ಹತ್ತಿದರೂ ನಾಳೆ ಅದು ಬೆಲ್ಲದ ಕಾಗದ ತಾನೇ. ಒಂದೊಂದು ಹಾಳೆ ಮಗುಚಿದಾಗಲೂ ಒಂದೊಂದು ಸಂಜೆ ಮಗುಚಿದ ಹಾಗೆ ಅನ್ನಿಸಿತು. ನಾಳೆ ಇಳಿಹೊತ್ತಿಗೆ ನಾನು ಮುಖ ತೊಳೆದು ಯಾರಿಗಾಗಿ ಚಾಪೆ ಹಾಸಲಿ ಎಂದು ಯೋಚಿಸಿದೆ. ಇವರು ಒಬ್ಬರೇ ಆ ಕೋಣೆಯಲ್ಲಿ ಏನು ಮಾಡುತ್ತಾರೆ ಎಂದು ಯೋಚಿಸಿದೆ. ದನಿ ಕೇಳುತ್ತಲೇ ಇತ್ತು, ಮಾತು ಒಂದೂ ಒಳಗೆ ಇಳಿಯಲಿಲ್ಲ. ಬೀದಿಯಲ್ಲಿ ದೀಪ ಹಚ್ಚುವ ಹೊತ್ತಾಯಿತು.

ಕೊನೆಯ ಸಾಲಿನ ಕೊನೆಯ ಅಕ್ಷರ ಎದ್ದು, ಅವರ ಮತ್ತು ನನ್ನ ನಡುವೆ ಸ್ವಲ್ಪ ಹೊತ್ತು ತೇಲಿತು. ಅಮಲ್ದಾರರು ನಿಧಾನವಾಗಿ, ಊಟದ ಕೊನೆಗೆ ಬಾಳೆಹಣ್ಣು ತಿನ್ನುವವರ ಹಾಗೆ, ಅದನ್ನು ತೆಗೆದುಕೊಂಡರು. ಎದೆ ಉಬ್ಬಿತು. ಒಮ್ಮೆ ಮೈ ಕೊಡವಿ ತೊಲೆಗೆ ಹಾರಿ, ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಕಣ್ಣು ಮುಚ್ಚಿದರು. ಬದುಕಿಕೊಂಡಿತು. ನಾನು ಕೈ ಮುಗಿದೆ.

ಮಾರ್ತಾಂಡಪ್ಪನವರು ಪುಸ್ತಕ ಮುಚ್ಚಿ ಚಾಪೆಯ ಮೇಲಿಟ್ಟರು. ಎದ್ದರು. ಪಂಚೆಯ ಹಿಟ್ಟು ಕೊಡವಿಕೊಂಡರು, ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬಾಗಿಲ ತನಕ ಹೋದವರು ಅಲ್ಲೇ ನಿಂತರು.

"ಕೊನೇಲಿ ಹಂಸಿನಿ ಹಾಗೆ ಮಾಡಿದ್ದು ಸರಿ ಅನ್ನಿಸ್ತಾ ನಿಮಗೆ?" ಎಂದರು.

ಹೌದೆಂದು ಹೇಳಿ ಕಳಿಸಿಬಿಡಬಹುದಿತ್ತು. ಅಷ್ಟು ದಿನ ದೋಣಿಯ ಮರ ಯಾವುದೆಂದು ಸುಳ್ಳು ಸುಳ್ಳೇ ಕೇಳಿದವಳಿಗೆ ಇನ್ನೊಂದು ಸುಳ್ಳು ಹೆಚ್ಚೇ? ಆದರೆ ಬಾಯಿಗೆ ಬರಲಿಲ್ಲ.

"ಏನ್ ಮಾಡಿದ್ಲು?" ಎಂದೆ.

ಅವರು ತಿರುಗಿದರು.

"ನಾನು ಕೇಳಿಸ್ಕೊಳ್ಳಲಿಲ್ಲ ಮಾರ್ತಾಂಡಪ್ಪೋರೆ. ಮೆಟ್ಟಿಲು ಕಂಡಿದ್ದಷ್ಟೇ ಗೊತ್ತು. ಆಮೇಲಿಂದ ನಿಮ್ಮ ಮುಖ ನೋಡ್ತಾ ಕೂತಿದ್ದೆ. ನಾಳೆ ನೀವು ಬರದೇ ಇದ್ರೆ ನನಗೆ ಸಂಜೇನೇ ಆಗಲ್ಲ. ಅದೇ ಯೋಚನೆ ಆಗಿಹೋಯ್ತು." ಹೇಳಿದ್ದನ್ನು ಹಿಂದಕ್ಕೆ ತಗೊಳ್ಳಲು ಬರುವುದಿಲ್ಲ. "ನೀವು ಓದಿದೀರಲ್ಲ, ನೀವಾದ್ರೂ ಹೇಳಿ. ಏನ್ ಮಾಡಿದ್ಲು?"

ಅವರ ಕಿವಿ ಕೆಂಪಗಾಯಿತು. "ಅದನ್ನ ನಿಮ್ಮಿಂದ ತಿಳ್ಕೊಳ್ಳೋಣ ಅಂತಾನೇ ಕೇಳಿದ್ದು," ಎಂದರು. "ನಾಲಿಗೆ ಓದ್ತಾ ಇತ್ತು. ನಾನು ಓದಲಿಲ್ಲ. ಇನ್ನು ಎಷ್ಟು ಹಾಳೆ ಉಳಿದಿದೆ ಅಂತಾನೇ ನೋಡ್ತಿದ್ದೆ."

ಇಬ್ಬರೂ ಒಟ್ಟಿಗೇ ತಲೆಯೆತ್ತಿ ತೊಲೆ ನೋಡಿದೆವು. ಮಂಜಿನ ನಾಡಿನ ಕಥೆಯ ಕೊನೆ ಊರಿನಲ್ಲಿ ಗೊತ್ತಿದ್ದದ್ದು ಅಮಲ್ದಾರರೊಬ್ಬರಿಗೇ, ಅವರು ಹೊಟ್ಟೆ ತುಂಬಿ ನಿದ್ದೆಯಲ್ಲಿದ್ದರು. ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಮಾರ್ತಾಂಡಪ್ಪನವರೂ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಅಷ್ಟು ಚಂದದ ಪುಸ್ತಕ, ಅಷ್ಟೊಂದು ಜೋಪಾನ ಮಾಡಿದ ಕೊನೆ, ಇಬ್ಬರು ಹುಚ್ಚರ ಕೈಗೆ ಸಿಕ್ಕಿ ಹಾಳಾಯಿತಲ್ಲ ಎಂದು ನಗುತ್ತಾ ನಗುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯ ಕಿಟಕಿ ತೆರೆದ ಸದ್ದು ಕೇಳಿಸಿತು. ತೆರೆಯಲಿ ಎಂದುಕೊಂಡೆ.

ಮಾರ್ತಾಂಡಪ್ಪನವರು ವಾಪಸು ಬಂದು ಚಾಪೆಯ ಮೇಲೆ ಕೂತರು. ಅವರು ಯಾವಾಗಲೂ ಕೂರುತ್ತಿದ್ದ ಕಡೆ ಅಲ್ಲ, ನಾನು ಕೂರುತ್ತಿದ್ದ ಕಡೆ. ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿದರು. ಮೊದಲಿಂದ ಕೊನೆಯ ತನಕ ಬೆಳ್ಳಗಿತ್ತು. ಜೇಬಿನಿಂದ ಸಣ್ಣ ಕುಂಚವನ್ನೂ ಮಸಿಯ ಕುಪ್ಪಿಯನ್ನೂ ತೆಗೆದಿಟ್ಟರು.

"ಹುಡುಗಿ ಪಾಪ ಅಲ್ಲೇ ನಿಂತಿದಾಳೆ," ಎಂದರು. "ಹಾಗೇ ಬಿಡೋಕಾಗಲ್ಲ. ನೀವು ಹೇಳಿ, ನಾನು ಬರೀತೀನಿ. ನಾಳೆ ಸಂಜೆ ಓದೋಣ. ಅಮಲ್ದಾರರಿಗೂ ಹಸಿವಾಗತ್ತಲ್ಲ."

ನಾಳೆ ಎಂದರು. ನಾನು ಕೇಳಿಸಿಕೊಂಡೆ, ಈ ಸಲ ಸರಿಯಾಗಿ ಕೇಳಿಸಿಕೊಂಡೆ. ನಮ್ಮೂರಿನವರು ಯಾರೂ ಇಂಥ ಕಥೆಯನ್ನು ತಾವೇ ಕಟ್ಟಿದ್ದಿಲ್ಲ. ಹುಟ್ಟಿದಾರಭ್ಯ ಓದುವುದನ್ನು, ಕೇಳುವುದನ್ನಷ್ಟೇ ಕಲಿತ ನನಗೆ ಹೇಳಲು ಬರುತ್ತದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಅವರ ಎದುರಿಗೆ ಕೂತೆ.

"ಎಲ್ಲಿಂದ ಶುರು ಮಾಡ್ಲಿ?"

ಅವರು ಕುಂಚವನ್ನು ಮಸಿಯಲ್ಲಿ ಅದ್ದಿ, ಹಾಳೆಯ ಮೇಲೆ ಹಿಡಿದು ಕಾದರು. "ದೋಣೀಲಿ ಒಬ್ಬಳೇ ಇದ್ಲಲ್ಲ," ಎಂದರು, "ಅಲ್ಲಿಂದ."

"ಒಬ್ಬಳೇ ಇರಲಿಲ್ಲ," ಎಂದೆ ನಾನು. "ಬರ್ಕೊಳ್ಳಿ."